ತಂಗಡಸಂದ್ರದ ಜನಸಂಖ್ಯೆ

ತಂಗಡಸಂದ್ರಕ್ಕೆ ನಾನು ಮೇಷ್ಟರಾಗಿ ಹೋದದ್ದು ಐವತ್ತೊಂಬತ್ತನೇ ಇಸವಿಯ ಜೂನ್‌ನಲ್ಲಿ. ಚಿಕ್ಕಲಸಂದ್ರ ದಾಟಿ ಗಾಡಿಜಾಡು ಹಿಡಿದು ಒಂದೂವರೆ ಮೈಲಿ ಸೈಕಲ್ ತುಳಿದರೆ ಊರು. ಹತ್ತೊಂಬತ್ತು ಮನೆ, ಒಂದು ಮಾರಮ್ಮನ ಗುಡಿ, ಒಂದು ಕೆರೆ, ಎರಡು ಸೇದುವ ಬಾವಿ, ಒಂದೇ ಕೋಣೆಯ ಶಾಲೆ, ಅದರ ಗೋಡೆಗೆ ಅಂಟಿಕೊಂಡ ನನ್ನ ಬಿಡಾರ. ಇಷ್ಟನ್ನು ಈಗ ಸಲೀಸಾಗಿ ಹೇಳಿಬಿಟ್ಟೆ. ಇದನ್ನು ಆ ಊರಿನವರ ಬಾಯಿಂದ ಕೇಳಲು ನನಗೆ ಆರು ವರ್ಷ ಹಿಡಿಯಿತು. ಕಣ್ಣೆದುರು ಇರುವ ಬಾವಿಯನ್ನು ಬಾವಿ ಎಂದು ಒಪ್ಪದ ಜನ ಅವರು.

ನಾನು ತಿಪಟೂರು ಕಡೆಯವನು, ಹೆಸರು ಚನ್ನಬಸವಯ್ಯ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಮೀನಾಕ್ಷಮ್ಮ ಹೇಳುತ್ತಾಳೆ. ಅವಳೂ ಮಗಳೂ ಆಗ ನಮ್ಮೂರಿನಲ್ಲೇ ಇದ್ದರು. ಒಂದು ಗೇಣು ಬಿಡಾರಕ್ಕೆ ಅವರನ್ನು ಕರೆದುಕೊಂಡು ಬಂದು ಎಲ್ಲಿ ಮಲಗಿಸಲಿ? ಜಯನಗರದ ಹೊಸ ಬಡಾವಣೆಯಲ್ಲಿ ಒಂದು ಸೈಟು ಸಿಕ್ಕರೆ ನಾಲ್ಕು ಗೋಡೆ ಎಬ್ಬಿಸಿ ಇಬ್ಬರನ್ನೂ ಕರೆಸಿಕೊಳ್ಳಬೇಕೆಂದು ನನ್ನ ಆಸೆ.

ನಾನು ಸೇರಿದ ತಿಂಗಳಲ್ಲೇ ಇನ್‌ಸ್ಪೆಕ್ಟರು ಬಂದು ಪ್ರತಿ ಶಾಲೆಯಲ್ಲೂ 'ಗ್ರಾಮ ಪರಿಚಯ' ಎಂಬ ಒಂದು ಪುಸ್ತಕ ಇರಬೇಕು ಎಂದು ಅಪ್ಪಣೆ ಕೊಡಿಸಿ ಹೋದರು. ಊರಿನ ಚರಿತ್ರೆ, ಭೂಗೋಳ, ಜನಸಂಖ್ಯೆ, ಮೂರನ್ನೂ ಮೇಷ್ಟರೇ ವಿಚಾರಿಸಿ ಬರೆಯಬೇಕು. ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಊರ ಹೆಸರು ಬರೆದು, ಪಟೇಲ ತಿಮ್ಮರಾಯಪ್ಪನವರ ಜಗಲಿಗೆ ಹೋದೆ. ಊರಿಗೆಲ್ಲ ಹಿರಿಯರು ಅವರೇ.

"ಊರಿಗೆ ಈ ಹೆಸರು ಹೆಂಗೆ ಬಂತು ಗೌಡರೇ?" ಎಂದು ಕೇಳಿದೆ.

"ಯಾಕ್ ಸ್ವಾಮಿ, ಬದಲಾಯಿಸ್ತಾರಾ?"

"ಇಲ್ಲ ಇಲ್ಲ, ಸುಮ್ನೆ ಬರ್ಕೊಳ್ಳೋಕೆ. ಎಷ್ಟು ವರ್ಷದ ಊರಿದು?"

ತಿಮ್ಮರಾಯಪ್ಪ ಎಲೆಗೆ ಸುಣ್ಣ ಸವರುತ್ತಾ ಬಹಳ ಹೊತ್ತು ಯೋಚಿಸಿದರು. ಅವರ ತಲೆಯೊಳಗೆ ಏನು ಓಡುತ್ತಿತ್ತೆಂದು ನನಗೆ ಆಮೇಲೆ ಗೊತ್ತಾಯಿತು. ಹಳೆಯದು ಎಂದರೆ, ಇಷ್ಟು ವರ್ಷ ಸರಿಯಾಗಿ ಕಂದಾಯ ಕಟ್ಟಿದ್ದೀರಾ ಎಂದು ಕೇಳುತ್ತಾರೆ. ಹೊಸದು ಎಂದರೆ ಒತ್ತುವರಿ ಎನ್ನುತ್ತಾರೆ. ಕೊನೆಗೆ ಎಲೆ ಮಡಿಸಿ ಬಾಯಿಗೆ ಹಾಕಿಕೊಂಡು, "ತೀರಾ ಹಳೇದೂ ಅಲ್ಲ, ತೀರಾ ಹೊಸದೂ ಅಲ್ಲ ಅಂತ ಬರ್ಕೊಳ್ಳಿ" ಎಂದರು. ನಾನು ಹಾಗೆಯೇ ಬರೆದುಕೊಂಡೆ. ಚರಿತ್ರೆ ಅಲ್ಲಿಗೆ ಮುಗಿಯಿತು.

ಗುಡಿಯ ಹಿಂದೆ ಕತ್ತಿ ಹಿಡಿದ ವೀರನ ಕೆತ್ತನೆಯ ಕಲ್ಲೊಂದಿತ್ತು. ಅದೇನೆಂದು ಕೇಳಿದ್ದಕ್ಕೆ, ಬಟ್ಟೆ ಒಗೆಯುವ ಕಲ್ಲು ಎಂದರು. ಭೂಗೋಳದ ಗತಿಯೂ ಇದೇ ಆಯಿತು. ಕೆರೆ ಎಷ್ಟು ಎಕರೆ ಎಂದರೆ, ಅದು ಕೆರೆಯಲ್ಲ, ಗುಂಡಿ, ಮಳೆ ಬಂದರೆ ನೀರು ನಿಲ್ಲುತ್ತದೆ ಅಷ್ಟೆ ಎಂದರು. ಅಂಜನಮ್ಮನೆಂಬ ವಿಧವೆಯೊಬ್ಬಳು ಎರಡು ಎಮ್ಮೆ ಕಟ್ಟಿಕೊಂಡು ಜಯನಗರಕ್ಕೆ ಹಾಲು ಹೊತ್ತು ಮಾರುತ್ತಿದ್ದಳು. ಆಕೆಯ ಎಮ್ಮೆಗಳು ಆ ಗುಂಡಿಯಲ್ಲಿ ಆ ಹೊತ್ತಿಗೆ ಕೊಂಬು ಮಾತ್ರ ಕಾಣುವಂತೆ ಮುಳುಗಿದ್ದವು.

"ಎಮ್ಮೆ ನಿಮ್ಮವೇನಮ್ಮ?" ಎಂದೆ.

"ನಂದಲ್ಲ, ನಮ್ಮಣ್ಣಂದು. ಗೊಟ್ಟಿಗೆರೇಲವ್ನೆ."

"ಮತ್ತೆ ಇಲ್ಯಾಕಿವೆ?"

"ನೋಡ್ಕೊಂಡೋಗಾಕೆ ಬಂದವೆ" ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಈ ಗುಮಾನಿಗೆಲ್ಲ ಮೂಲ ಬೈರಣ್ಣ. ಅವನು ಎತ್ತಿನ ಗಾಡಿಯಲ್ಲಿ ಜಯನಗರದ ಹೊಸ ಕಟ್ಟಡಗಳಿಗೆ ಸೈಜುಗಲ್ಲು ಹೊಡೆಯುತ್ತಿದ್ದ. ಅಲ್ಲಿ ಒಂದು ಹಳೆಯ ಹಳ್ಳಿಯಿತ್ತಂತೆ. ಮೊದಲು ಪುಸ್ತಕ ಹಿಡಿದವರು ಬಂದು ಜನರನ್ನು ಎಣಿಸಿದರಂತೆ, ಆಮೇಲೆ ಗೋಡೆಗಳ ಮೇಲೆ ನಂಬರು ಬಿತ್ತಂತೆ, ಆಮೇಲೆ ಸರಪಳಿ ಹಿಡಿದವರು ಬಂದು ಕಲ್ಲು ನೆಟ್ಟರಂತೆ. ಈಗ ನೋಡಿದರೆ ಬರೀ ಕ್ರಾಸು, ಮೇನು, ತಾರಸಿ ಮನೆ, ಹಳ್ಳಿಯೇ ಇಲ್ಲವಂತೆ. "ಮೊದ್ಲು ಎಣಿಕೆ, ಆಮ್ಯಾಕೆ ಎತ್ತಂಗಡಿ" ಎಂದು ಅವನು ಗಾಡಿಯ ಮೂಕಿಯ ಮೇಲೆ ಕೂತು ಹೇಳಿದ ಮಾತು ಊರಿಗೆ ಗಾದೆಯಾಗಿಬಿಟ್ಟಿತ್ತು. ಹೊಲ ಹೋದರೆ ಕೂಲಿ ಮಾಡಿ ಬದುಕಬಹುದು, ಮನೆಯೇ ಹೋದರೆ ಎಲ್ಲಿಗೆ ಹೋಗುವುದು ಎನ್ನುವುದೊಂದೇ ಅವರ ಭಯ. ಅಂಥ ಊರಿಗೆ ನಾನು ಬಿಳಿ ಶರ್ಟು ಹಾಕಿಕೊಂಡು, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು, ಹೆಂಡತಿಯನ್ನೂ ಕರೆತರದೆ ಬಂದಿದ್ದೆ. ಹೆಂಡತಿಯನ್ನು ಕರೆತರದವನು ಊರಲ್ಲಿ ನಿಲ್ಲಲು ಬಂದವನಲ್ಲ, ಲೆಕ್ಕ ಒಪ್ಪಿಸಲು ಬಂದವನು ಎಂದು ಅವರವರಲ್ಲೇ ತೀರ್ಮಾನವಾಗಿತ್ತು.

ನಾನು ಬಾವಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಅವರೆಕಾಯಿ ಕಾಲದಲ್ಲಿ ಮೊರದ ತುಂಬ ಕಾಯಿ ತಂದು ಸುರಿಯುತ್ತಿದ್ದರು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಏನು ಕೇಳಿದರೂ "ನೀವು ಹೊರಗ್ನೋರು, ನಿಮಗ್ಯಾಕೆ" ಎನ್ನುತ್ತಿದ್ದರು. ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ನೋಯುತ್ತಿತ್ತು. ಅವರ ಮಕ್ಕಳಿಗೆ ಕಾಗುಣಿತ ತಿದ್ದಿಸುವವನು ನಾನು, ಜ್ವರ ಬಂದರೆ ಉತ್ತರಹಳ್ಳಿಗೆ ಸೈಕಲ್ ತುಳಿದು ಮಾತ್ರೆ ತರುವವನು ನಾನು. ಹೊರಗಿನವನಾಗಿ ಉಳಿಯಲು ಇನ್ನೇನು ಮಾಡಬೇಕಿತ್ತೋ ನನಗೆ ತಿಳಿಯಲಿಲ್ಲ.

ಅರವತ್ತೊಂದರ ಜನಗಣತಿ ಬಂತು. ಆ ಊರಿಗೆ ಅಕ್ಷರ ಬರುವವನು ನಾನೊಬ್ಬನೇ ಆದ್ದರಿಂದ ಎಣಿಸುವ ಕೆಲಸ ನನ್ನ ತಲೆಗೇ ಬಿತ್ತು. ಗಣತಿಗೆ ಮುಂಚೆ ಮನೆಗಳಿಗೆ ನಂಬರು ಹಾಕಬೇಕಿತ್ತು. ಒಂದು ಡಬ್ಬ ಟಾರು, ಒಂದು ಕುಂಚ ಹಿಡಿದು ಬಿಸಿಲಲ್ಲಿ ಹತ್ತೊಂಬತ್ತು ಗೋಡೆಗೆ ಹತ್ತೊಂಬತ್ತು ನಂಬರು ಬರೆದೆ. ಯಾರೂ ತಡೆಯಲಿಲ್ಲ. ಮಾರನೆಯ ದಿನ ಎದ್ದು ನೋಡಿದರೆ ಎಲ್ಲ ಗೋಡೆಗೂ ಹೊಸದಾಗಿ ಸಗಣಿ ಬಳಿದಿತ್ತು. ಒಂದು ನಂಬರೂ ಕಾಣುತ್ತಿರಲಿಲ್ಲ.

"ಏನ್ ಗೌಡ್ರೇ, ಹಬ್ಬವೇನಾದ್ರೂ ಇತ್ತಾ?" ಎಂದು ತಿಮ್ಮರಾಯಪ್ಪನವರನ್ನು ಕೇಳಿದೆ.

"ಗೋಡೆ ಬಿರುಕು ಬಿಟ್ಟಿತ್ತು" ಎಂದರು.

"ಹತ್ತೊಂಬತ್ತೂ ಒಟ್ಟಿಗೇನಾ?"

"ಒಂದೇ ಮಣ್ಣಲ್ವಾ ಸ್ವಾಮಿ."

ಫೆಬ್ರವರಿಯಲ್ಲಿ ನಿಜವಾದ ಎಣಿಕೆ. ಚೀಟಿಗಳ ಕಟ್ಟು ಹಿಡಿದು ಮೊದಲು ಅಂಜನಮ್ಮನ ಮನೆಗೆ ಹೋದೆ. ಆಕೆ ಹೊಸಿಲ ಮೇಲೆ ನಿಂತು ಎರಡು ಕೈಯನ್ನೂ ಬಾಗಿಲ ಚೌಕಟ್ಟಿಗೆ ಕೊಟ್ಟಳು.

"ಇದು ಮನೆ ಅಲ್ಲ ಮೇಷ್ಟ್ರೇ, ಕೊಟ್ಟಿಗೆ. ನಾನು ನಮ್ಮಣ್ಣನ ಮನೇಲಿ ಬರೆಸ್ಕೊಂಡಾಯ್ತು, ಗೊಟ್ಟಿಗೆರೇಲಿ."

"ಒಲೆ ಉರೀತಾ ಇದೆಯಲ್ಲಮ್ಮ ಒಳಗೆ."

"ಎಮ್ಮೆಗೆ ಹುರುಳಿ ಬೇಯ್ತಾ ಅದೆ."

ನನ್ನ ಮೂಗಿಗೆ ಸೊಪ್ಪಿನ ಸಾರಿನ ವಾಸನೆ ಹೊಡೆಯುತ್ತಿತ್ತು. ಎಮ್ಮೆಗೆ ಬೆಳ್ಳುಳ್ಳಿ ಒಗ್ಗರಣೆ ಬೇರೆ ಹಾಕಿದ್ದಳು. ಮುಂದಿನ ಮನೆಯೂ ಕೊಟ್ಟಿಗೆ. ಅದರ ಮುಂದಿನದೂ ಕೊಟ್ಟಿಗೆ. ತೊಟ್ಟಿಲು ಕಟ್ಟಿದ ಮನೆಯಲ್ಲಿ ಕೂಸು ಅಳುತ್ತಿದ್ದರೂ ಅದು ಕೊಟ್ಟಿಗೆಯೇ. ಇಡೀ ಊರು ಹಿಂದಿನ ವಾರವೇ ನಂಟರ ಊರುಗಳಿಗೆ ನಡೆದುಹೋಗಿ, ಚಿಕ್ಕಲಸಂದ್ರ, ಉತ್ತರಹಳ್ಳಿ, ಗೊಟ್ಟಿಗೆರೆಗಳಲ್ಲಿ ಹೆಸರು ಬರೆಸಿಕೊಂಡು ಬಂದಿತ್ತು. ಉಪಾಯ ತಿಮ್ಮರಾಯಪ್ಪನವರದು. ಎಣಿಸಲು ಜನರೇ ಇಲ್ಲದಿದ್ದರೆ ಎತ್ತಂಗಡಿ ಮಾಡಲು ಯಾರಿರುತ್ತಾರೆ ಎನ್ನುವುದು ಅವರ ಲೆಕ್ಕಾಚಾರ.

ಅವರ ಜಗಲಿಯಲ್ಲಿ ಒಂದು ಗಂಟೆ ಕೂತು ವಾದ ಮಾಡಿದೆ. ಇದು ಬರೀ ತಲೆ ಎಣಿಕೆ, ಕಾಗದದಲ್ಲಿ ಹೆಸರಿದ್ದರೆ ಯಾರ ಗಂಟೂ ಹೋಗುವುದಿಲ್ಲ, ಸುಳ್ಳು ಬರೆಸುವುದು ತಪ್ಪು ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ನೀವು ಹೇಳ್ದಂಗೆ ಆಗ್ಲಿಲ್ಲ ಅಂದ್ರೆ, ನೀವು ಬಂದು ಊರು ಕಟ್ಕೊಡ್ತೀರಾ?"

ಮನೆಯವರು ಹೇಳಿದ್ದನ್ನು ಬರೆದುಕೊಳ್ಳಬೇಕು ಎನ್ನುವುದು ನನಗೆ ಕೊಟ್ಟ ನಿಯಮ. ಬೇಕೆಂದಿದ್ದರೆ ತಾಲ್ಲೂಕು ಕಚೇರಿಗೆ ಒಂದು ಕಾಗದ ಹಾಕಬಹುದಿತ್ತು. ಹಾಕಲಿಲ್ಲ. "ಆಯ್ತು ಗೌಡ್ರೇ, ನೀವು ಹೇಳಿದ ಹಾಗೇ ಬರೀತೀನಿ" ಎಂದೆ. ಒಳಗಿನಿಂದ ಮಜ್ಜಿಗೆ ಬಂತು. ಬೈರಣ್ಣ ಪಕ್ಕಕ್ಕೆ ಸರಿದು ನನಗೆ ಚಾಪೆಯ ಮೇಲೆ ಜಾಗ ಬಿಟ್ಟ. ಎರಡು ವರ್ಷದಲ್ಲಿ ಅವರು ನನ್ನನ್ನು ಕೂರಿಸಿಕೊಂಡು ನಕ್ಕದ್ದು ಅದೇ ಮೊದಲು. ನಾನೊಬ್ಬ ಪೆದ್ದ, ನನಗೆ ಬಹಳ ಸಂತೋಷವಾಯಿತು.

ಉಳಿದವನು ನಾನು. ನನ್ನ ಹಾಸಿಗೆ, ಸ್ಟವ್ವು, ಟ್ರಂಕು ಎಲ್ಲ ತಂಗಡಸಂದ್ರದಲ್ಲೇ ಇದ್ದವು. ನನ್ನ ಚೀಟಿಯನ್ನು ನಾನೇ ಅಲ್ಲಿ ತುಂಬಬೇಕಿತ್ತು. ಆ ಭಾನುವಾರ ಬಸವನಗುಡಿಯಲ್ಲಿರುವ ನಮ್ಮಕ್ಕ ಸರ್ವಮಂಗಳಾಳ ಮನೆಗೆ ಊಟಕ್ಕೆ ಹೋದೆ. ಭಾವ ಜಯದೇವಪ್ಪ ಸರ್ಕಾರಿ ಗುಮಾಸ್ತೆ, ಕಾಗದಗಳ ದಾರಿ ಬಲ್ಲವರು.

"ಸೈಟಿಗೆ ಅರ್ಜಿ ಹಾಕೋನು ನೀನು. ಸಿಟಿಯಲ್ಲಿ ವಾಸ ಇರೋರಿಗೆ ಮೊದಲು ಅಂತಾರೆ. ಆ ಹಳ್ಳಿ ಹೆಸರು ನಿನ್ನ ಹೆಸರಿನ ಪಕ್ಕ ಕೂತ್ರೆ ನಾಳೆ ಯಾವ ಫೈಲಲ್ಲಿ ಎದ್ದು ಬರುತ್ತೋ ಯಾರಿಗೆ ಗೊತ್ತು? ಇಲ್ಲೇ ಬರೆಸಿಬಿಡು" ಎಂದರು.

ಕಾಗದದಲ್ಲಿ ಹೆಸರಿದ್ದರೆ ಏನೂ ಆಗುವುದಿಲ್ಲ ಎಂದು ಎರಡು ದಿನದ ಹಿಂದೆ ಜಗಲಿಯಲ್ಲಿ ಕೂತು ಉಪದೇಶ ಮಾಡಿದವನು ನಾನೇ. ಆ ಕ್ಷಣ ಅದೊಂದೂ ನೆನಪಾಗಲಿಲ್ಲ. ಮೀನಾಕ್ಷಮ್ಮನ ಕಾಗದಗಳು ನೆನಪಾದವು, ನಾನಿಲ್ಲದೆ ನಡೆಯಲು ಕಲಿತ ಮಗಳು ನೆನಪಾದಳು. ಹೆದರಿಕೆಯಾಯಿತು. ಬಸವನಗುಡಿಯ ಎಣಿಕೆಯವನು ಬಂದಾಗ ಅಕ್ಕನ ಮನೆಯ ಚೀಟಿಗಳ ಜೊತೆ ನನ್ನದನ್ನೂ ಬರೆಸಿದೆ. ತಂಗಡಸಂದ್ರದ ಹಾಳೆಯಲ್ಲಿ ವಾಸದ ಮನೆ ಸೊನ್ನೆ, ಗಂಡಸರು ಸೊನ್ನೆ, ಹೆಂಗಸರು ಸೊನ್ನೆ ಎಂದು ನನ್ನ ಕೈಯಾರೆ ತುಂಬಿದೆ. ಮೇಲ್ವಿಚಾರಕರು ಬಿಸಿಲಲ್ಲಿ ಬೆವರುತ್ತಾ, "ಊರಲ್ಲಿ ಒಬ್ರೂ ಇಲ್ವೇನ್ರೀ?" ಎಂದರು. ಎಲ್ಲ ನಂಟರ ಊರುಗಳಲ್ಲಿ ಬರೆಸಿದ್ದಾರೆ ಸಾರ್ ಎಂದೆ. ಸಹಿ ಮಾಡಿ ಹೊರಟುಹೋದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಸ್ಥಿತಿ ಹಾಗಾಯಿತು. "ಮೇಷ್ಟ್ರೇ, ನಿಮ್ಮೂರು ಯಾವುದು?" ಎಂದು ಯಾರಾದರೂ ಸುಮ್ಮನೆ ಕೇಳಿದರೂ ತಿಪಟೂರು ಎಂದು ಹೇಳಿ ಬೇಗನೆ ಅಲ್ಲಿಂದ ಎದ್ದುಬಿಡುತ್ತಿದ್ದೆ. ಬಸವನಗುಡಿಯ ವಿಷಯ ಊರಲ್ಲಿ ಯಾರಿಗೂ ಹೇಳಲಿಲ್ಲ. ಅವರು ನನ್ನ ಮೇಲೆ ಪಡುತ್ತಿದ್ದ ಗುಮಾನಿಯನ್ನು ಈಗ ನಾನು ಅವರ ಮೇಲೆ ಪಡತೊಡಗಿದ್ದೆ. ಇವರಿಗೆ ಗೊತ್ತಾಗಿದೆಯೋ, ಗೊತ್ತಿದ್ದೂ ಸುಮ್ಮನಿದ್ದಾರೋ ಎಂದು ಒಬ್ಬೊಬ್ಬರ ಮುಖವನ್ನೂ ಓದುತ್ತಿದ್ದೆ. ಸೈಟಿನ ಅರ್ಜಿ ಮಾತ್ರ ಯಾವುದೋ ಕಪಾಟಿನಲ್ಲಿ ಬೆಚ್ಚಗೆ ಮಲಗಿತ್ತು, ಇವತ್ತಿಗೂ ಎದ್ದಿಲ್ಲ.

ಊರಿನವರು ಗೆದ್ದವರ ಹಾಗಿದ್ದರು. ಸಿಡುಬಿನ ಚುಚ್ಚುಮದ್ದಿನವನು ಬಂದಾಗ ಬೈರಣ್ಣ, "ಈ ಊರಲ್ಲಿ ಯಾರೂ ಇಲ್ಲ ಸಾರ್, ಬೇಕಾದ್ರೆ ಮೇಷ್ಟ್ರನ್ನ ಕೇಳಿ" ಎಂದು ಅವನ ಎದುರೇ ನಿಂತು ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅರವತ್ತೈದರಲ್ಲಿ ಸರಪಳಿ ಹಿಡಿದವರು ಬಂದೇ ಬಂದರು. ಕೆರೆಯ ಆಚೆಯಿಂದ ಅಳೆಯುತ್ತಾ ಅಳೆಯುತ್ತಾ ಗುಡಿಯ ತನಕ ಬಂದು, ಗುಡಿಯ ಬಾಗಿಲಿಗೇ ಒಂದು ನೋಟೀಸು ಅಂಟಿಸಿ ಹೋದರು. ಹೊಸ ಬಡಾವಣೆಗೆಂದು ತಂಗಡಸಂದ್ರದ ಅಷ್ಟೂ ಸರ್ವೆ ನಂಬರುಗಳನ್ನು ಸರ್ಕಾರ ತೆಗೆದುಕೊಳ್ಳುತ್ತದೆ, ತಕರಾರಿದ್ದವರು ತಿಂಗಳೊಳಗೆ ಹೇಳಬೇಕು. ಗುಡಿಯ ಮುಂದೆ ನಿಂತು ನಾನೇ ಅದನ್ನು ಎಲ್ಲರಿಗೂ ಓದಿ ಹೇಳಿದೆ.

ಎರಡು ದಿನದ ಮೇಲೆ ಬೈರಣ್ಣ ಜಯನಗರದಿಂದ ಖಾಲಿ ಗಾಡಿ ಓಡಿಸಿಕೊಂಡು ಬಂದು ನೇರ ಶಾಲೆಯ ಮುಂದೆ ನಿಲ್ಲಿಸಿದ.

"ಆ ಹಳ್ಳಿ ಅಲ್ಲೇ ಅದೆ ಮೇಷ್ಟ್ರೇ" ಎಂದ.

"ಯಾವ ಹಳ್ಳಿ?"

"ಎತ್ತಂಗಡಿ ಆಯ್ತು ಅಂದಿದ್ನಲ್ಲ, ಅದೇ. ಹೊಲ ಮಾತ್ರ ತಗೊಂಡವ್ರೆ. ಮನೆಗೆ ಕೈ ಹಚ್ಚಿಲ್ಲ. ಗುಡಿ, ಬಾವಿ, ಜಗಲಿ ಎಲ್ಲ ಹಂಗಂಗೇ ಅದೆ, ಸುತ್ತ ತಾರಸಿ ಮನೆ ಎದ್ದವೆ. ನಾನು ಈ ಕಡೆಯಿಂದ ಕಲ್ಲು ಇಳ್ಸಿ ಬಂದ್ಬಿಡ್ತಿದ್ದೆ. ಹಿಂದ್ಗಡೆಗೆ ಒಂದಿನಾನೂ ಹೋಗಿರ್ಲಿಲ್ಲ."

ಅವನನ್ನು ಹಿಡಿದು ಬಾರಿಸಬೇಕೆನ್ನಿಸಿತು. ಆದರೆ ಊರಿಗೆ ಆ ಮಾತಿನಿಂದ ಜೀವ ಬಂತು. ಜನ ವಾಸವಿರುವ ಜಾಗವನ್ನು ಬಿಟ್ಟುಬಿಡುತ್ತಾರೆ ಎಂದಾದರೆ, ನಾವು ವಾಸವಿದ್ದೇವೆ ಎಂದು ಹೇಳಿದರಾಯಿತು. ಅಂದು ಸಂಜೆಯೇ ಎಲ್ಲರೂ ಶಾಲೆಗೆ ಬಂದರು. ಅರ್ಜಿ ಬರೀರಿ ಮೇಷ್ಟ್ರೇ ಎಂದು ತಿಮ್ಮರಾಯಪ್ಪ ಹೇಳಿ, ನಾನು ಕೇಳದೆಯೇ ಹೇಳತೊಡಗಿದರು. ಏಳು ತಲೆಮಾರಿನ ಹೆಸರು ಹೇಳಿದರು. ಪಾಳೇಗಾರರ ಕಾಲದಲ್ಲಿ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನು ಅವರ ಮೂಲಪುರುಷ, ಗುಡಿಯ ಹಿಂದಿನ ಕಲ್ಲಿನಲ್ಲಿರುವವನು ಅವನೇ. ಕೆರೆಯ ಅಂಗಳ ಹದಿನಾಲ್ಕು ಎಕರೆ. ತಂಗಡಿ ಗಿಡದ ಬಯಲಾಗಿತ್ತಾದ್ದರಿಂದ ತಂಗಡಸಂದ್ರ. ಎಮ್ಮೆಗಳು ತನ್ನವೇ ಎಂದು ಅಂಜನಮ್ಮ ಮುಂದೆ ಬಂದು ಹೇಳಿದಳು. ಕೂಸುಗಳನ್ನೂ ಬಿಡದೆ ಎಣಿಸಿದರೆ ನೂರಾ ಹನ್ನೊಂದು ಜನ. ಬರೆದು ಬರೆದು ನನ್ನ ಬೆರಳು ನೋಯುತ್ತಿತ್ತು. ಚರಿತ್ರೆ, ಭೂಗೋಳ, ಜನಸಂಖ್ಯೆ ಎಲ್ಲವೂ ಒಂದೇ ಸಂಜೆಗೆ ಸಿಕ್ಕಿತು.

ಅರ್ಜಿ ಹಿಡಿದು ನಾವು ನಾಲ್ವರು ಸಿಟಿಯ ಕಚೇರಿಗೆ ಹೋದೆವು. ತಿಮ್ಮರಾಯಪ್ಪ, ಅಂಜನಮ್ಮ, ಬೈರಣ್ಣ ಮತ್ತು ನಾನು. ಅಧಿಕಾರಿಯ ಹೆಸರು ಗೌರೀಶಂಕರ ಎಂದು ಮೇಜಿನ ಮೇಲಿತ್ತು. ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ತಿಮ್ಮರಾಯಪ್ಪನವರಿಗೆ ತಾವೇ ಕುರ್ಚಿ ಎಳೆದುಕೊಟ್ಟರು. ಅರ್ಜಿಯನ್ನು ಪೂರ್ತಿ ಓದಿದರು. ಆಮೇಲೆ ಎದ್ದು ಒಂದು ದಪ್ಪ ಪುಸ್ತಕ ತಂದು ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ನಿಮ್ಮ ಊರು ಇದರಲ್ಲಿ ಬೇಚಿರಾಕ್ ಅಂತಿದೆ" ಎಂದರು.

"ಹಂಗಂದ್ರೇನು ಸ್ವಾಮಿ?" ಎಂದಳು ಅಂಜನಮ್ಮ.

"ದೀಪ ಹಚ್ಚೋರಿಲ್ಲದ ಊರು ಅಂತಮ್ಮ. ಹೆಸರು ಮಾತ್ರ ಇದೆ, ಜನ ಇಲ್ಲ. ಮನೆಗಳಿರೋ ಜಾಗ, ಗ್ರಾಮಠಾಣ, ಅಂತ ಬಿಡಬೇಕಾದ್ರೆ ಅಲ್ಲಿ ವಾಸ ಇರಬೇಕು. ಇಲ್ಲಿ ಹತ್ತೊಂಬತ್ತು ದನದ ಕೊಟ್ಟಿಗೆ ಅಂತಿದೆ."

"ನಾವು ನಿಮ್ಮೆದ್ರಿಗೇ ಇದ್ದೀವಲ್ಲ" ಎಂದರು ತಿಮ್ಮರಾಯಪ್ಪ.

"ಇದ್ದೀರಿ ಯಜಮಾನ್ರೇ, ನನಗೂ ಕಾಣ್ತಿದೆ. ಆದ್ರೆ ನೀವೆಲ್ಲ ಬೇರೆ ಬೇರೆ ಊರಿನ ಲೆಕ್ಕದಲ್ಲಿದ್ದೀರಿ. ನೋಟೀಸು ಬಂದ ಮೇಲೆ ಬಂದು ನಾವು ಇಲ್ಲಿಯೋರು ಅಂದ್ರೆ ನಾಳೆ ಎಲ್ರೂ ಬಂದು ಹಾಗೇ ಹೇಳ್ತಾರೆ." ಅವರು ಪುಸ್ತಕದ ಹಾಳೆಯನ್ನು ಇನ್ನೊಮ್ಮೆ ನೋಡಿದರು. "ಒಂದೇ ಒಂದು ಹೆಸರಿದ್ದಿದ್ರೂ ಇದನ್ನ ಬೇಚಿರಾಕ್ ಅಂತ ಬರೀತಿರ್ಲಿಲ್ಲ. ಅದನ್ನ ಹಿಡ್ಕೊಂಡು ನಾನೇ ಏನಾದ್ರೂ ಮಾಡ್ತಿದ್ದೆ. ನಕ್ಷೆಯಲ್ಲಿ ಒಂದು ಸ್ಕೂಲಿದೆಯಲ್ಲ? ಅಲ್ಲೊಬ್ರು ಮೇಷ್ಟ್ರಾದ್ರೂ ವಾಸ ಇರಬೇಕಿತ್ತಲ್ಲ, ಅವರೆಲ್ಲಿ ಹೋದ್ರು?"

ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಕಾಸಿಗೆ ಅರ್ಜಿ ಬರೆದುಕೊಡುವವನು ಎಂದುಕೊಂಡಿದ್ದರು. ನಾನು ನೆಲ ನೋಡುತ್ತಾ ನಿಂತೆ. ಮೂವರೂ ನನ್ನ ಕಡೆ ತಿರುಗಿದ್ದು ನೋಡದೆಯೇ ಗೊತ್ತಾಯಿತು. ಅಧಿಕಾರಿಗಳು ಅರ್ಜಿಯ ಮೇಲೆ ಏನೋ ಬರೆದು, ಮೇಲಿನವರಿಗೆ ಕಳಿಸುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ತಿಮ್ಮರಾಯಪ್ಪ ಪೇಟ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಅವರ ಬೋಳು ತಲೆಯನ್ನು ನಾನು ನೋಡಿದ್ದು ಅದೇ ಮೊದಲು. ಬೈರಣ್ಣ ದೂರ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದ.

"ನೀವು ಇದ್ರಲ್ಲ ಮೇಷ್ಟ್ರೇ, ನಮ್ಮೂರಲ್ಲೇ" ಎಂದಳು ಅಂಜನಮ್ಮ. "ನಿಮ್ಮನ್ನ ಎಲ್ಲಿ ಬರ್ಕೊಂಡ್ರಿ?"

ಸುಳ್ಳು ಹೇಳಬಹುದಿತ್ತು. ಬರೆದಿದ್ದೆ, ಅವರೇ ಬಿಟ್ಟಿದ್ದಾರೆ ಎಂದರೆ ನಂಬುತ್ತಿದ್ದರು, ಅಂಥ ಮಾತನ್ನೇ ನಂಬುವ ಜನ ಅವರು.

"ಬಸವನಗುಡೀಲಿ. ನಮ್ಮಕ್ಕನ ಮನೇಲಿ."

"ಯಾಕೆ?"

"ಹೆದರ್ಕೆ ಆಯ್ತಮ್ಮ. ಯಾವ ಕಾಗದ ಎಲ್ಲಿ ಮುಳುವಾಗುತ್ತೋ ಅಂತ."

ಆಕೆ ಬೈಯಲಿ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ತಿಮ್ಮರಾಯಪ್ಪನವರನ್ನು ನೋಡಿದಳು. ಅವರು ತಲೆ ಎತ್ತಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಆಕೆ ಎದ್ದು ನಾಲ್ಕು ಹೆಜ್ಜೆ ಹೋದವಳು, ನಾನಿನ್ನೂ ಕೂತೇ ಇರುವುದನ್ನು ಕಂಡು ಹಿಂದೆ ಬಂದಳು.

"ಏಳಿ, ಹೋಗಾಣ" ಎಂದಳು. "ಇಷ್ಟ್ ದಿನ ನಿಮ್ಮನ್ನ ಹೊರಗ್ನೋರು ಅಂತಿದ್ವಿ. ನೀವೂ ನಮ್ಮೋರೇ ಬಿಡಿ, ಮೇಷ್ಟ್ರೇ."